ನೂರಿಪ್ಪತ್ತು ಟ್ರೌಟ್ ಫ್ಲೈಗಳ ಡಬ್ಬಿ, ನಾಲ್ಕು ಸೀಸನ್ ಬಳಸಿದ ಮೇಲೆ

ನಾಲ್ಕು ವರ್ಷದ ಹಿಂದೆ ಆನ್‌ಲೈನಲ್ಲಿ ತಗೊಂಡ ಡಬ್ಬಿ ಇದು, 120 ಫ್ಲೈ, 32 ಡಾಲರ್. ಕಂಪನಿ ಹೆಸರು ಬೇಡ ಬಿಡಿ, ಇದೇ ಮಾಲು ಹತ್ತು ಹೆಸರಲ್ಲಿ ಬರತ್ತೆ. ನಾನಿರೋದು ಅಮೆರಿಕದ ಕೊಲೊರಾಡೋದಲ್ಲಿ, ಡೆನ್ವರ್ ಪಕ್ಕ, ಹೋಗೋದು ಸೌತ್ ಪ್ಲ್ಯಾಟ್ ನದಿಗೆ, ಅದರ ದಡದ ಡೆಕರ್ಸ್ ಅನ್ನೋ ಜಾಗ ಮತ್ತೆ ಅಲ್ಲಿಂದ ನದಿಯ ಮೇಲ್ಭಾಗಕ್ಕಿರೋ ಚೀಸ್‌ಮನ್ ಕ್ಯಾನ್ಯನ್ ಅನ್ನೋ ಕಣಿವೆ, ಹಾಗಾಗಿ ಇದು ಆ ನೀರಿನ ಲೆಕ್ಕದ ರಿವ್ಯೂ. ಬೇರೆ ಕಡೆ ಬೇರೆ ಥರ ಇರಬಹುದು.

ಗೊತ್ತಿಲ್ದೋರಿಗೆ: ಟ್ರೌಟ್ ಅಂದ್ರೆ ತಣ್ಣನೆ ನೀರಿನ ಒಂದು ಮೀನು. ಫ್ಲೈ ಅಂದ್ರೆ ನಿಜವಾದ ನೊಣ ಅಲ್ಲ, ಗಾಳದ ಕೊಕ್ಕೆಗೆ ಗರಿ, ಕೂದಲು, ದಾರ ಸುತ್ತಿ ಹುಳದ ಹಾಗೆ ಕಾಣೋ ತರ ಮಾಡಿರೋದು. ಊರಲ್ಲಿ ಎರೆಹುಳ ಸಿಗಿಸಿ ಗಾಳ ಹಾಕಿ, ಮುಂಗಾರಲ್ಲಿ ಹತ್ತುಮೀನಿಗೆ ರಾತ್ರಿಯೆಲ್ಲಾ ಟಾರ್ಚ್ ಹಿಡಿದು ಗದ್ದೆ ಬದಿಯಲ್ಲಿ ಓಡಾಡಿದ ನಂಗೆ ಮೀನು ಹಿಡಿಯೋದು ಏನ್ ಮಹಾ ಅನ್ನೋ ಧಿಮಾಕಿತ್ತು. ಮೊದಲನೇ ಸೀಸನ್ನಲ್ಲಿ ಒಟ್ಟು ಎರಡು ಮೀನು. ಎರಡೇ!

ತಪ್ಪು ಏನಪ್ಪಾ ಅಂದ್ರೆ ಡಬ್ಬಿ ತೆಗೆದ ತಕ್ಷಣ ಕಣ್ಣಿಗೆ ಹೊಡೆಯೋದು ಕೆಂಪು, ಕಿತ್ತಳೆ, ಮಿಂಚೋದೆಲ್ಲ, ನಾನೂ ಅದನ್ನೇ ದಾರಕ್ಕೆ ಕಟ್ತಿದ್ದೆ. ಆ ಫ್ಲೈಗಳು ಮೀನು ಹಿಡಿಯೋಕಲ್ಲ, ನಮ್ಮನ್ನ ಹಿಡಿಯೋಕೆ. ಒಂದಿನ ಪಕ್ಕದಲ್ಲಿ ಒಬ್ರು ಹಿರಿಯರು ಒಂದಾದ ಮೇಲೊಂದು ಎಳೀತಾ ಇದ್ರು, ನಂದೊಂದೂ ಇಲ್ಲ, ನಾಚಿಕೆ ಬಿಟ್ಟು ಕೇಳಿದೆ. ಅವರು ಡಬ್ಬಿ ನೋಡಲೇ ಇಲ್ಲ, ನೀರಿಗೆ ಕೈ ಹಾಕಿ ಮುಷ್ಟಿಗಾತ್ರದ ಒಂದು ಕಲ್ಲು ಎತ್ತಿ ತಿರುಗಿಸಿ ನನ್ನ ಮುಖಕ್ಕೆ ಹಿಡಿದ್ರು. ಕಲ್ಲಿನ ಅಡಿಯಲ್ಲಿ ಕಂದು ಬಣ್ಣದ ಸಣ್ಣ ಸಣ್ಣ ಹುಳ ಹರಿದಾಡ್ತಿದ್ವು, ಬಾಲದಲ್ಲಿ ಮೂರು ಕೂದಲು, ಉದ್ದ ಜೀರಿಗೆ ಕಾಳಿನಷ್ಟು. ಪಕ್ಕದಲ್ಲೇ ಮರಳು ಅಂಟಿಸಿ ಕಟ್ಟಿಕೊಂಡ ಗೂಡಲ್ಲಿ ಕ್ಯಾಡಿಸ್ ಹುಳ. "ಇದರಷ್ಟು ದೊಡ್ಡದು ನಿಮ್ಮ ಹತ್ರ ಯಾವುದಿದೆ?" ಅಂದ್ರು. ಯಾವುದೂ ಇರ್ಲಿಲ್ಲ. ನಾನು ಕಟ್ಟಿದ್ದು 12ನೇ ಸೈಜು, ಆ ಹುಳಕ್ಕೆ ಬೇಕಾಗಿದ್ದು 20. (ಸೈಜಿನ ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಸಣ್ಣದು, ಇದು ತಿಳಿಯೋಕೇ ನಂಗೆ ಒಂದು ತಿಂಗಳು ಹಿಡೀತು.)

ಇಲ್ಲಿ ಚೀಸ್‌ಮನ್ ಡ್ಯಾಮಿನ ತಳದಿಂದ ತಣ್ಣನೆ ನೀರು ಬರತ್ತೆ, ವರ್ಷಪೂರ್ತಿ ಮಿಡ್ಜ್ ಅನ್ನೋ ಸೊಳ್ಳೆ ಥರದ ಪುಟಾಣಿ ಹುಳಗಳದ್ದೇ ರಾಜ್ಯ, ಜೊತೆಗೆ ನೀರು ಕನ್ನಡಿ ಹಾಗೆ, ಮೀನುಗಳು ದಿನಾ ನೂರು ಗಾಳ ನೋಡಿ ನೋಡಿ ಚಾಲಾಕಿ ಆಗಿವೆ. ಹಾಗಾಗಿ ನನ್ನ ಅನುಭವದಲ್ಲಿ ಮೊದಲು ಸೈಜು, ಆಮೇಲೆ ಆಕಾರ, ಬಣ್ಣ ಕೊನೆಗೆ. ಇನ್ನೊಂದು, ಫ್ಲೈ ಎಷ್ಟೇ ಸರಿ ಇದ್ರೂ ದಾರ ಎಳೆದು ಅದು ನೀರಿಗಿಂತ ಜೋರಾಗಿ ಓಡಿದ್ರೆ ಮುಗೀತು, ಟ್ರೌಟ್ ಹತ್ರ ಬಂದು ಮೂಸಿ ನೋಡಿ ವಾಪಸ್.

ಡಬ್ಬಿ ವಿಷಯಕ್ಕೆ ಬರ್ತೀನಿ. 120ರಲ್ಲಿ ನಿಜವಾಗ್ಲೂ ಕೆಲಸಕ್ಕೆ ಬಂದಿದ್ದು ಇಪ್ಪತ್ತು ಇಪ್ಪತ್ತೈದು. ಫೆಸೆಂಟ್ ಟೇಲ್ (ಕಲ್ಲಿನ ಅಡಿಯ ಆ ಕಂದು ಹುಳದ ಥರದ ಫ್ಲೈ) ಚೆನ್ನಾಗಿತ್ತು, ಸಣ್ಣವು ನಾಲ್ಕೇ ಇದ್ವು, ಎರಡು ವಾರದಲ್ಲಿ ಬಂಡೆ ಸಂದಿಗೆ ಹೋದ್ವು. ನೀರಿನ ಮೇಲೆ ತೇಲೋ ಪ್ಯಾರಾಶೂಟ್ ಆಡಮ್ಸ್ ಪರವಾಗಿಲ್ಲ, ಮೇಲೆ ಬಿಳಿ ಜುಟ್ಟು ಇರೋದ್ರಿಂದ ನನ್ನಂಥ ಕನ್ನಡಕದೋನಿಗೂ ಕಾಣತ್ತೆ. ರೆಕ್ಕೆ ಬಂದ ಕ್ಯಾಡಿಸ್ ಥರ ತೇಲೋ ಎಲ್ಕ್ ಹೇರ್ ಕ್ಯಾಡಿಸ್ ಮೇ ಸಂಜೆಗಳಲ್ಲಿ ಚೆನ್ನಾಗಿ ನಡೀತು. ಆದ್ರೆ ಆರ್‌ಎಸ್2 ಒಂದೂ ಇಲ್ಲ! 1970ರ ದಶಕದಲ್ಲಿ ರಿಮ್ ಚಂಗ್ ಅನ್ನೋರು ಇದೇ ನದಿಯಲ್ಲಿ ಮೀನು ಹಿಡೀತಾ ರೂಪಿಸಿದ ಫ್ಲೈ ಅದು, ನೋಡೋಕೆ ಬೂದು ದಾರದ ತುಂಡು ಅಷ್ಟೇ, ನನ್ನ ಅರ್ಧಕ್ಕರ್ಧ ಮೀನು ಈಗ ಅದಕ್ಕೇ ಬೀಳೋದು, ಅದರಲ್ಲೂ ಏಪ್ರಿಲಲ್ಲಿ, ಅಕ್ಟೋಬರಲ್ಲಿ ಮೋಡ ಮುಚ್ಚಿದ ಮಧ್ಯಾಹ್ನ.

ಕ್ವಾಲಿಟಿ ಬಗ್ಗೆ ದೂರು ಇದೆ. ಸುಮಾರು ಫ್ಲೈಗಳಲ್ಲಿ ಕೊಕ್ಕೆಯ ಕಣ್ಣಿಗೇ (ದಾರ ಪೋಣಿಸೋ ತೂತು) ಅಂಟು ತುಂಬಿತ್ತು, ಬೆಳಿಗ್ಗೆ ಆರಕ್ಕೆ ಚಳಿಗೆ ಬೆರಳು ಮರಗಟ್ಟಿರುವಾಗ ಸೂಜಿ ಹಾಕಿ ಅದನ್ನ ಬಿಡಿಸೋ ಪಾಡು ಯಾರಿಗೂ ಬೇಡ. ಕೆಲವು ಎರಡನೇ ಮೀನಿಗೇ ತಲೆ ಹತ್ರ ದಾರ ಬಿಚ್ಚಿಕೊಂಡ್ವು. 18 ಅಂತ ಬರೆದಿದ್ದು ಅಂಗಡಿಯ 16ರ ಪಕ್ಕ ಇಟ್ರೆ ಒಂದೇ ಅಳತೆ. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಎರಡನೇ ವರ್ಷದ ಸೆಪ್ಟೆಂಬರಿನ ರೇನ್‌ಬೋ ಟ್ರೌಟ್, ನಾನು ಅಲ್ಲಿವರೆಗೆ ಕಂಡಿದ್ದರಲ್ಲೇ ದೊಡ್ಡದು, ಹತ್ತು ನಿಮಿಷ ಆಟ ಆಡಿಸಿ ಬಲೆ ಹತ್ರ ತಂದೆ, ಪಟ್ ಅಂತ ದಾರ ಸಡಿಲ ಆಯ್ತು. ದಾರ ಹರಿದಿರ್ಲಿಲ್ಲ, ಗಂಟೂ ಬಿಚ್ಚಿರ್ಲಿಲ್ಲ, ಕೊಕ್ಕೆನೇ ನೆಟ್ಟಗೆ ಗುಂಡುಸೂಜಿ ಹಾಗೆ ಆಗಿತ್ತು. ಮನೇಲಿ ಹೆಂಡತಿಗೆ ಹೇಳಿದ್ರೆ "ಹಿಡಿದಿದ್ರೂ ಬಿಟ್ಟೇ ಬರ್ತಿದ್ರಲ್ಲಾ" ಅಂದ್ಳು. ನಿಜ, ಕ್ಯಾನ್ಯನಲ್ಲಿ ಹಿಡಿದ ಟ್ರೌಟ್ ವಾಪಸ್ ಬಿಡಲೇಬೇಕು. ಆದ್ರೂ ಫೋಟೋನಾದ್ರೂ ಇರ್ತಿತ್ತು ಅಲ್ವಾ.

ಈಗ ನಾನು ಮಾಡೋದು, ನದಿ ಪಕ್ಕದ ಅಂಗಡಿಗೆ ಹೋಗಿ ಈ ವಾರ ಏನು ನಡೀತಿದೆ ಅಂತ ಕೇಳಿ ಅದನ್ನೇ ಆರೇಳು ತಗೊಳ್ಳೋದು, ಒಂದಕ್ಕೆ ಮೂರು ಡಾಲರ್ ಹತ್ರ ಬೀಳತ್ತೆ, ದುಬಾರಿನೇ, ಆದ್ರೆ ಒಂದೇ ಮಾದರಿ ಎರಡು ಸೈಜಲ್ಲಿ ಇಟ್ಕೊಂಡ್ರೆ ಹತ್ತು ಮಾದರಿಗಿಂತ ವಾಸಿ. ಕೊಕ್ಕೆಯ ತುದಿ ಹತ್ರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳನ್ನ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಬಿಡಿ, ಮೀನಿಗೂ ಒಳ್ಳೇದು, ನಿಮ್ಮ ಕಿವಿಗೂ ಒಳ್ಳೇದು (ಅನುಭವ ಇದೆ, ಕೇಳಬೇಡಿ).

ಕೆರೆಯಲ್ಲಿ ಕಲಿಯೋ ಹೊಸಬರಿಗೆ, ಮರಕ್ಕೆ ಸಿಕ್ಕಿಸಿ ಕಳೆಯೋಕೆ ಅಗ್ಗದ ಮಾಲು ಬೇಕು ಅನ್ನೋರಿಗೆ ತಗೋಬಹುದು. ಡೆಕರ್ಸ್‌ಗೆ ಅಂತ ಆದ್ರೆ ಬೇಡ. ಫ್ಲೈಗಳಿಗೆ 5ಕ್ಕೆ 2, ಡಬ್ಬಿಗೆ ಮಾತ್ರ 5ಕ್ಕೆ 5, ಒಳಗಿನ ಫೋಮ್ ಇನ್ನೂ ಗಟ್ಟಿ ಇದೆ, ಎರಡು ಸಲ ನದಿಗೆ ಬಿದ್ರೂ ನೀರು ಹೋಗಿಲ್ಲ. ಅದಕ್ಕೇ ಒದ್ದೆ ಫ್ಲೈ ಹಾಗೇ ಇಟ್ಟು ಮುಚ್ಚಬೇಡಿ, ಒಳಗಿನ ತೇವ ಹೊರಗೂ ಬರಲ್ಲ, ನಂದು ಹದಿನೈದು ಹಂಗೇ ತುಕ್ಕು ಹಿಡಿದ್ವು. ಮನೆಗೆ ಬಂದು ರಾತ್ರಿ ಮುಚ್ಚಳ ತೆಗೆದಿಡಿ.