ತಂತಿಯದೋ, ಪ್ಲಾಸ್ಟಿಕ್ಕಿನದೋ, ಪ್ಲೇಪೆನ್ನೋ? ಬುದ್ಧಿವಂತ ದತ್ತು ನಾಯಿಗೆ ಕ್ರೇಟ್ ಅಭ್ಯಾಸ

ದತ್ತು ತಂದ ನಾಯಿಗೆ ಕ್ರೇಟ್ (ನಾಯಿ ಒಳಗೆ ಮಲಗುವ, ಬಾಗಿಲಿರುವ ಪೆಟ್ಟಿಗೆ) ಅಭ್ಯಾಸ ಮಾಡಿಸಲು ಹೊರಟವರು ಮೊದಲು ಕೇಳುವುದು ‘ಯಾವ ಕ್ರೇಟ್ ತಗೊಳ್ಳಲಿ?’ ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದೆ. ತಂತಿಯದು, ಪ್ಲಾಸ್ಟಿಕ್ಕಿನದು, ಬಟ್ಟೆಯದು, ಆಮೇಲೆ ಪ್ಲೇಪೆನ್ ಎಂಬ ತಡಿಕೆಯ ಆವರಣ, ಎಲ್ಲವನ್ನೂ ನಮ್ಮ ಚುಕ್ಕಿಯ ಜೊತೆ ಬಳಸಿ ನೋಡಿದ್ದೇನೆ. ಕಲಿಸುವ ಕ್ರಮದಲ್ಲೂ ಒಂದಕ್ಕೊಂದು ಎದುರಾದವುಗಳನ್ನು ಪ್ರಯೋಗಿಸಿದ್ದೇನೆ. ಇಷ್ಟೆಲ್ಲ ಆದ ಮೇಲೆ ಅನ್ನಿಸುವುದೇನೆಂದರೆ, ಚುರುಕು ಬುದ್ಧಿಯ ನಾಯಿಯನ್ನು ಯಾವ ಪೆಟ್ಟಿಗೆಯೂ ಹಿಡಿದಿಡುವುದಿಲ್ಲ. ಬಾಗಿಲು ಮುಚ್ಚುವ ಹೊತ್ತಿನಲ್ಲಿ ಅದು ಏನನ್ನು ಕಲಿಯುತ್ತದೋ ಅದು ಹಿಡಿದಿಡುತ್ತದೆ. ಹಾಗಂತ ಪೆಟ್ಟಿಗೆಗಳಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. ಇದೆ, ಸಾಕಷ್ಟಿದೆ.

ಮನೆಗೆ ಬಂದಾಗ ಚುಕ್ಕಿಗೆ ಸುಮಾರು ಒಂದು ವರ್ಷ. ಹಿಂದೆ ಅವಳನ್ನು ಯಾರಾದರೂ ಕೂಡಿಹಾಕಿದ್ದರೋ, ಕಟ್ಟಿಹಾಕಿದ್ದರೋ, ತಿಳಿಯುವ ದಾರಿಯಿರಲಿಲ್ಲ. ಮರಿಗಾದರೆ ಕ್ರೇಟ್ ಒಂದು ಹೊಸ ವಸ್ತು, ಅಷ್ಟೆ. ಬೆಳೆದ ನಾಯಿಗೆ ಅದರ ಬಗ್ಗೆ ಆಗಲೇ ಒಂದು ಅಭಿಪ್ರಾಯ ಇದ್ದಿರಬಹುದು. ಆಶ್ರಯತಾಣಗಳವರು ‘3-3-3’ ಅನ್ನುವ ಒಂದು ಲೆಕ್ಕ ಹೇಳುತ್ತಾರೆ: ಗಾಬರಿ ಇಳಿಯಲು 3 ದಿನ, ಮನೆಯ ದಿನಚರಿ ಹಿಡಿತಕ್ಕೆ ಬರಲು 3 ವಾರ, ಇದು ನನ್ನ ಮನೆ ಅನ್ನಿಸಲು 3 ತಿಂಗಳು. ಎಲ್ಲ ನಾಯಿಗೂ ಇದು ಅಚ್ಚುಕಟ್ಟಾಗಿ ಹೊಂದುವುದಿಲ್ಲ. ಆದರೂ ಮೊದಲ ದಿನಗಳಲ್ಲಿ ಬಾಗಿಲು ಮುಚ್ಚುವ ಮಾತೇ ಬೇಡ ಅನ್ನುವುದಕ್ಕೆ ಈ ಲೆಕ್ಕ ಸಾಕು. ಆ ದಿನಗಳಲ್ಲಿ ಕ್ರೇಟ್ ಬಾಗಿಲು ತೆರೆದುಕೊಂಡು ಕೋಣೆಯ ಒಂದು ಮೂಲೆಯಲ್ಲಿ ಸುಮ್ಮನೆ ಇತ್ತು.

ತಂತಿ ಕ್ರೇಟಿನ ಅನುಕೂಲಗಳು ನೋಡಿದ ಕೂಡಲೇ ತಿಳಿಯುತ್ತವೆ. ಗಾಳಿಯಾಡುತ್ತದೆ, ಮಡಚಿ ಗೋಡೆಗೆ ಒರಗಿಸಿಡಬಹುದು, ತಳದ ಟ್ರೇ ಎಳೆದು ತೊಳೆಯಬಹುದು. ನಡುವೆ ಅಡ್ಡತಡಿಕೆ ಹಾಕಿ ಜಾಗ ಕಿರಿದು ಮಾಡುವ ಸೌಲಭ್ಯ ಬೆಳೆಯುವ ಮರಿಗೆ ಬಹಳ ಉಪಯುಕ್ತ. ಒಂದು ವರ್ಷದ ನಾಯಿಗೆ ಅದರ ಅಗತ್ಯ ಬೀಳಲಿಲ್ಲ. ಚುಕ್ಕಿಗೆ ತೊಡಕಾದದ್ದು ನಾಲ್ಕು ಕಡೆಯೂ ಕಾಣುವುದು. ಯಾರು ಎದ್ದರು, ಯಾರು ಕೋಣೆ ದಾಟಿದರು, ಯಾವ ಬಾಗಿಲು ಕಿರುಗುಟ್ಟಿತು, ಎಲ್ಲದರ ಮೇಲೂ ಅವಳ ಪಹರೆ. ಮಲಗಿದಂತೆ ಕಂಡರೂ ಕಿವಿ ನೆಟ್ಟಗೇ ಇರುತ್ತಿತ್ತು. ಮೂರು ಬದಿಗೆ ಹೊದಿಕೆ ಇಳಿಬಿಟ್ಟರೆ ಅದರ ಅಂಚನ್ನು ಸಂದಿಯಿಂದ ಒಳಗೆಳೆದುಕೊಂಡು ಹಾಸಿಗೆ ಮಾಡಿಕೊಂಡಳು. ಅವಳು ಮೈ ಕೊಡವಿದಾಗೆಲ್ಲ ಇಡೀ ಚೌಕಟ್ಟು ಗಡಗಡ ಅನ್ನುತ್ತಿತ್ತು, ಆ ಸದ್ದಿಗೆ ಅವಳೇ ಬೆಚ್ಚುತ್ತಿದ್ದಳು.

ಪ್ಲಾಸ್ಟಿಕ್ ಕ್ರೇಟ್ ಎಂದರೆ ವಿಮಾನದಲ್ಲಿ ನಾಯಿ ಸಾಗಿಸಲು ಬಳಸುವ ಮಾದರಿಯದು. ಮೂರು ಬದಿ ಗಟ್ಟಿ ಗೋಡೆ, ಮುಂದೊಂದು ಜಾಲರಿ ಬಾಗಿಲು, ಪಕ್ಕದಲ್ಲಿ ಗಾಳಿಗೆ ಕಿಂಡಿಗಳು. ಇದರೊಳಗೆ ಚುಕ್ಕಿ ಬೇರೆಯೇ ನಾಯಿ. ನೋಡಲು ಒಂದೇ ದಿಕ್ಕು ಇದ್ದದ್ದರಿಂದ ಕಾವಲಿನ ಕೆಲಸ ಮುಕ್ಕಾಲು ಪಾಲು ತಾನಾಗಿಯೇ ಬಿಟ್ಟುಹೋಯಿತು. ಬಾಗಿಲನ್ನು ಗೋಡೆಯ ಕಡೆಗೆ ಓರೆಯಾಗಿ ತಿರುಗಿಸಿಟ್ಟ ಮೇಲಂತೂ ಹಗಲಲ್ಲೇ ಹೊಟ್ಟೆ ಮೇಲೆ ಮಾಡಿ ನಿದ್ದೆ. ಇದರ ಕೊರತೆಗಳನ್ನೂ ಹೇಳಬೇಕು. ಸೆಕೆಯಲ್ಲಿ ಒಳಗೆ ಬೇಗ ಬಿಸಿಯಾಗುತ್ತದೆ. ಮೇಲಿನ ಕೆಳಗಿನ ಅರ್ಧಗಳು ಸೇರುವಲ್ಲಿ ಕೊಳೆ ಕೂರುತ್ತದೆ, ಬಿಚ್ಚದೆ ಅದನ್ನು ತೊಳೆಯಲಾಗದು. ತಂತಿಯದರ ಹಾಗೆ ಚಪ್ಪಟೆಯಾಗಿ ಮಡಚಲೂ ಬರದು. ಅಳತೆಯ ವಿಷಯ ಎರಡಕ್ಕೂ ಒಂದೇ: ನಾಯಿ ತಲೆ ತಗ್ಗಿಸದೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಲಗಬೇಕು.

ಬಟ್ಟೆಯ ಕ್ರೇಟಿಗೆ ಹೆಚ್ಚು ಮಾತು ಬೇಕಿಲ್ಲ. ಜಿಪ್ಪಿನ ಮೂಲೆಯಲ್ಲಿ ಮೂಗು ತೂರುವಷ್ಟು ಸಂದಿ ಇದ್ದರೆ ಜಾಣ ನಾಯಿ ಅದನ್ನು ತೆರೆಯುತ್ತದೆ. ಕ್ರೇಟಿನಲ್ಲಿ ನೆಮ್ಮದಿಯಾಗಿರಲು ಆಗಲೇ ಕಲಿತ ನಾಯಿಯನ್ನು ಪ್ರಯಾಣಕ್ಕೆ ಕರೆದೊಯ್ಯುವಾಗ ಹಗುರವಾಗಿ ಒಳ್ಳೆಯದು. ಕಲಿಸುವ ಹಂತಕ್ಕೆ ಬೇಡ.

ಪ್ಲೇಪೆನ್ ನನ್ನ ನಿರೀಕ್ಷೆಗಿಂತ ಚೆನ್ನಾಗಿ ಕೆಲಸ ಮಾಡಿತು, ಆದರೆ ಬೇರೆ ಕೆಲಸ. ಬಿಡಿ ತಡಿಕೆಗಳನ್ನು ಸೇರಿಸಿ ಮಾಡುವ ಈ ಆವರಣದಲ್ಲಿ ನಾಯಿ ನಡೆದಾಡಬಹುದು, ನೀರು ಕುಡಿಯಬಹುದು, ಜಾಗ ಬದಲಿಸಿ ಮಲಗಬಹುದು. ಒಂಟಿಯಾಗಿ ಬಿಟ್ಟರೆ ಚುಕ್ಕಿ ಇಡೀ ಪೆನ್ನನ್ನು ಎದೆಯಿಂದ ತಳ್ಳುತ್ತ ಕೋಣೆಯುದ್ದ ಸಾಗುತ್ತಿದ್ದಳು. ಹತ್ತುವ ನಾಯಿಯಾದರೆ ಇನ್ನೂ ಅಪಾಯ. ಪ್ಲಾಸ್ಟಿಕ್ ಕ್ರೇಟನ್ನು ಬಾಗಿಲು ತೆರೆದು ಒಳಗಿಟ್ಟು, ಪೆನ್ನಿನ ತುದಿಗಳನ್ನು ಗೋಡೆಗೆ ಬಿಗಿದು ಎರಡನ್ನೂ ಜೋಡಿಸಿದಾಗ ಮಾತ್ರ ಪೂರಾ ಪ್ರಯೋಜನ ಸಿಕ್ಕಿತು. ಮಲಗಲು ಗೂಡು, ಓಡಾಡಲು ಅಂಗಳ. ಮನೆಯಲ್ಲಿ ಹೆಚ್ಚು ಹೊತ್ತು ಯಾರೂ ಇರದಿದ್ದರೆ ಮುಚ್ಚಿದ ಕ್ರೇಟಿಗಿಂತ ನಾನು ಈ ಜೋಡಣೆಯನ್ನೇ ಹೇಳುತ್ತೇನೆ.

ಇನ್ನು ಚಿಲಕದ ಸಂಗತಿ. ತಂತಿ ಕ್ರೇಟಿನ ಸರಿಸುವ ಚಿಲಕವನ್ನು ಚುಕ್ಕಿ ಮೊದಲು ನೋಡಿದಳು, ಆಮೇಲೆ ನೆಕ್ಕಿದಳು, ಕೊನೆಗೆ ಬಾಗಿಲನ್ನು ಒಳಗಿನಿಂದ ಅಲುಗಾಡಿಸಿದರೆ ಅದು ತಾನೇ ಜಾರುತ್ತದೆಂದು ಕಂಡುಕೊಂಡಳು. ಇಲ್ಲಿ ಎರಡು ದಾರಿ. ಒಂದು, ಕೊಕ್ಕೆ ಹಾಕುವುದು, ಇನ್ನೂ ಬಿಗಿಯಾದ ಕೊಕ್ಕೆ ಹಾಕುವುದು. ಇನ್ನೊಂದು, ಚಿಲಕ ಕೆದಕುವ ಆಸೆಯೇ ಹುಟ್ಟದ ಹಾಗೆ ಮಾಡುವುದು. ಸುರಕ್ಷತೆಗೆ ಒಂದು ಕೊಕ್ಕೆ ಇರಲಿ, ನಾನೂ ಹಾಕಿದೆ. ಬಾಗಿಲು ಹತ್ತು ಸಲ ತೆರೆಯದೆ ಹನ್ನೊಂದನೇ ಸಲ ತೆರೆದರೆ ಏನಾಗುತ್ತದೆ ಎಂಬುದು ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಅವರ ಪ್ರಯೋಗಗಳ ಕಾಲದಿಂದ ಗೊತ್ತಿರುವ ಸಂಗತಿ: ಆಗೊಮ್ಮೆ ಈಗೊಮ್ಮೆ ಸಿಗುವ ಫಲ ಪ್ರತಿ ಸಲವೂ ಸಿಗುವ ಫಲಕ್ಕಿಂತ ಪಟ್ಟನ್ನು ಗಟ್ಟಿ ಮಾಡುತ್ತದೆ. ಅದಕ್ಕೇ ಕೊಕ್ಕೆ ಬೇಕು. ಆದರೆ ಬರೀ ಕೊಕ್ಕೆಯನ್ನು ನಂಬಿದರೆ ಜಾಣ ನಾಯಿ ಚಿಲಕ ಬಿಟ್ಟು ಸರಳು ಕಚ್ಚಲು ತೊಡಗುತ್ತದೆ. ಹಲ್ಲು ಮುರಿದುಕೊಳ್ಳುವುದು ಹೀಗೆಯೇ.

ಕಲಿಸುವ ವಿಧಾನಗಳಲ್ಲಿ ನಾನು ಹೆಚ್ಚು ಹೊತ್ತು ಹೋಲಿಸಿ ನೋಡಿದ್ದು ಆಮಿಷ ತೋರಿಸುವುದನ್ನು ಮತ್ತು ನಾಯಿ ತಾನಾಗಿ ಮುಂದೆ ಬರಲೆಂದು ಕಾಯುವುದನ್ನು.

ಆಮಿಷದ ದಾರಿ ಸುಲಭ. ತಿನಿಸು ಒಳಗೆ ಎಸೆಯಿರಿ, ನಾಯಿ ಹೋಗುತ್ತದೆ, ಬಾಗಿಲು ಮುಚ್ಚಿ, ಹೊಗಳಿ. ಸಾಧಾರಣ ನಾಯಿಗೆ ಇದು ನಡೆದೀತು. ಚುಕ್ಕಿ ಹಿಂಗಾಲೆರಡನ್ನೂ ಹೊರಗೇ ಊರಿ, ಕತ್ತು ರಬ್ಬರಿನಂತೆ ಚಾಚಿ, ತಿನಿಸು ಕಸಿದು ಹಿಂದೆ ಸರಿದಳು. ಬಾಗಿಲು ಒಮ್ಮೆ ಹಿಂದಿನಿಂದ ಮುಚ್ಚಿಕೊಂಡ ಮೇಲೆ ತಿನಿಸಿನ ಮೇಲೇ ಅನುಮಾನ ಬಂತು. ಪಕ್ಕದ ಕೋಣೆಯಲ್ಲಿ ಅದೇ ತಿನಿಸು ಕೊಟ್ಟರೂ ಮೊದಲು ನನ್ನ ಕೈ ನೋಡುತ್ತಿದ್ದಳು. ಇದು ಮೊಂಡುತನ ಅಲ್ಲ. ಒಳ್ಳೆಯ ವಾಸನೆಯ ಹಿಂದೆಯೇ ಇಷ್ಟವಿಲ್ಲದ ಸಂಗತಿ ಬರುತ್ತದೆ ಎಂದು ಅವಳು ಸರಿಯಾಗಿಯೇ ಕಲಿತಿದ್ದಳು. ಬುದ್ಧಿವಂತ ನಾಯಿ ಇಂಥ ಜೋಡಿಯನ್ನು ಒಂದೆರಡು ಸಲದಲ್ಲೇ ಹಿಡಿದುಬಿಡುತ್ತದೆ.

ಇನ್ನೊಂದು ದಾರಿಯಲ್ಲಿ ನಾನು ಕ್ರೇಟಿನ ಪಕ್ಕ ನೆಲದ ಮೇಲೆ ಕೂತು ಏನೂ ಹೇಳದೆ ಕಾದೆ. ಅವಳು ಕ್ರೇಟಿನತ್ತ ನೋಡಿದಳು: ಕ್ಲಿಕ್ಕರ್ (ಒತ್ತಿದರೆ ಟಿಕ್ ಅನ್ನುವ ಪುಟ್ಟ ಸಾಧನ) ಸದ್ದು, ಒಂದು ತುಣುಕು ತಿನಿಸು. ಹತ್ತಿರ ಬಂದಳು: ಮತ್ತೆ ಸದ್ದು, ಮತ್ತೊಂದು ತುಣುಕು. ಒಂದು ಕಾಲು ಒಳಗಿಟ್ಟಳು, ಎರಡಿಟ್ಟಳು. ತುಣುಕನ್ನು ಯಾವಾಗಲೂ ಕ್ರೇಟಿನ ಒಳಗೆ, ಹಿಂಬದಿಗೆ ಹಾಕುತ್ತಿದ್ದೆ. ಹೀಗೆ ಒಳಗೆ ಹೋಗುವ ಯೋಚನೆ ಅವಳದೇ ಆಯಿತು. ಅವಳ ಮುಖದಲ್ಲಿ ಒಗಟು ಬಿಡಿಸುವವರ ಗಾಂಭೀರ್ಯ ಬಂತು, ಬಾಲ ಮಾತ್ರ ಸುಮ್ಮನಿರಲಿಲ್ಲ. ಮೊದಮೊದಲು ಆಮಿಷಕ್ಕಿಂತ ಇದು ನಿಧಾನ. ಕೆಲವರಿಗೆ ಸುಮ್ಮನೆ ಕಾಯುವುದೇ ಕಷ್ಟ. ಹಾಗಿದ್ದೂ ಚುರುಕು ನಾಯಿಗೆ ಬೇರೆ ದಾರಿ ನಾನು ಹೇಳುವುದಿಲ್ಲ. ಕೆಲಸ ಕಂಡುಹಿಡಿದ ಖುಷಿ ಇಲ್ಲಿ ತಿನಿಸಿನಷ್ಟೇ ದೊಡ್ಡ ಬಹುಮಾನ.

ಬಾಗಿಲು ಮುಚ್ಚಲು ಶುರು ಮಾಡಿದಾಗ ಹೊರಗೆ ಬರುವುದನ್ನೇ ಬಹುಮಾನ ಮಾಡಿದೆ. ಹೆಚ್ಚು ಬೇಕಾದ ಕೆಲಸವನ್ನು ಕಡಿಮೆ ಬೇಕಾದ ಕೆಲಸಕ್ಕೆ ಪ್ರತಿಫಲವಾಗಿ ಕೊಡಬಹುದು ಎಂಬ, ಮನೋವಿಜ್ಞಾನಿ ಡೇವಿಡ್ ಪ್ರೆಮ್ಯಾಕ್ ಅವರ 1959ರ ತತ್ವದ ನೇರ ಉಪಯೋಗ ಇದು. ಕೈ ಚಿಲಕದತ್ತ ಹೋಗುತ್ತದೆ. ಅವಳು ಎದ್ದರೆ ಕೈ ಹಿಂದಕ್ಕೆ ಬರುತ್ತದೆ, ಕೂತಿದ್ದರೆ ಬಾಗಿಲು ತೆರೆಯುತ್ತದೆ. ತೆರೆದ ಬಾಗಿಲ ಮುಂದೆಯೂ ಕೂತಿದ್ದರೆ ‘ಬಾ’ ಎಂಬ ಮಾತು ಸಿಗುತ್ತದೆ. ಸುಮ್ಮನೆ ಕೂತರೆ ಬಾಗಿಲು ತೆರೆಯುತ್ತದೆ ಎಂದು ಗೊತ್ತಾದ ಮೇಲೆ ಚಿಲಕದ ಮೇಲಿನ ಆಸಕ್ತಿ ಇಳಿದುಹೋಯಿತು. ಕೊಕ್ಕೆಯಿಂದ ಆಗದ್ದು ಇದರಿಂದ ಆಯಿತು.

ಸಮಯ ಹೆಚ್ಚಿಸುವುದರಲ್ಲೂ ಎರಡು ಬಗೆ. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಸ್ವಲ್ಪ ಹೆಚ್ಚು ಮಾಡುತ್ತ ಹೋಗುವುದು ಒಂದು. ಇದನ್ನು ಚುಕ್ಕಿ ಬೇಗ ಗುರುತಿಸಿದಳು. ಪ್ರತಿ ಸಲ ಕಷ್ಟ ಹೆಚ್ಚುತ್ತದೆ ಎಂದು ಗೊತ್ತಾದರೆ ಮುಂದಿನ ಸಲಕ್ಕೆ ಯಾಕೆ ಬರಬೇಕು? ಇನ್ನೊಂದು, ಬೆರೆಸುವುದು: ಅರ್ಧ ನಿಮಿಷ, ಮೂರು ನಿಮಿಷ, ಹತ್ತು ಸೆಕೆಂಡು, ಐದು ನಿಮಿಷ, ಮತ್ತೆ ಅರ್ಧ ನಿಮಿಷ. ಸರಾಸರಿ ಮೇಲೇರುತ್ತದೆ, ಮುಂದಿನದು ಯಾವುದೆಂದು ಊಹಿಸಲಾಗದು. ಬೆರೆಸುವ ಬಗೆಯೇ ಗೆದ್ದಿತು, ಎಲ್ಲ ರೀತಿಯಲ್ಲೂ.

ಅಳುವಿನ ಬಗ್ಗೆ ಜನ ಎರಡು ಪಕ್ಷ. ಸುಮ್ಮನಾಗುವವರೆಗೂ ಬಿಡಬಾರದು ಅನ್ನುವವರು ಕೆಲವರು, ಅತ್ತ ಕೂಡಲೇ ಬಿಡಬೇಕು ಅನ್ನುವವರು ಕೆಲವರು. ನನಗೆ ಎರಡೂ ಒಪ್ಪಿಗೆಯಿಲ್ಲ, ಏಕೆಂದರೆ ಎರಡೂ ಅಳುವನ್ನು ಒಂದೇ ಬಗೆಯದೆಂದು ಹಿಡಿಯುತ್ತವೆ. ನನ್ನತ್ತ ನೋಡಿ ಒಂದು ಸಲ ಕುಂಯ್ ಅಂದು, ನಿಲ್ಲಿಸಿ, ಪರಿಣಾಮ ಗಮನಿಸಿ, ಮತ್ತೆ ಕುಂಯ್ ಅನ್ನುವುದು ಬೇಡಿಕೆ. ಅಲ್ಲಿ ಚಿಕ್ಕ ಮೌನ ಸಿಕ್ಕಿದಾಗ ತೆರೆಯಬೇಕು. ಫಲ ಸಿಗುವುದು ನಿಂತಾಗ ಕೂಗು ಇಳಿಯುವ ಮೊದಲು ಒಮ್ಮೆ ಏರುತ್ತದೆ, ಅದಕ್ಕೆ ಸಿದ್ಧರಿರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಸುತ್ತು ಹಾಕುತ್ತ ಅಳುವುದು ಹೊರಗೆ ಹೋಗಬೇಕೆಂಬ ಅವಸರ. ಮಾತಿಲ್ಲದೆ ಕರೆದೊಯ್ದು, ಆಟವಾಡದೆ ವಾಪಸು ತರಬೇಕು. ಏದುಸಿರು, ಜೊಲ್ಲು, ನೆಲ ಕೆರೆಯುವುದು, ಸರಳಿಗೆ ಹಲ್ಲು ಹಾಕುವುದು, ಇಷ್ಟದ ತಿನಿಸನ್ನೂ ಮುಟ್ಟದಿರುವುದು ಇವು ಭಯ. ಭಯದಲ್ಲಿರುವ ನಾಯಿಯನ್ನು ಸುಮ್ಮನಾಗಲೆಂದು ಬಿಟ್ಟರೆ ಅದು ಸೋತು ಸುಮ್ಮನಾಗಬಹುದು, ಭಯ ಕ್ರೇಟಿನ ಜೊತೆಗೇ ಅಂಟಿಕೊಂಡು ಉಳಿಯುತ್ತದೆ. ಆಗ ಬಾಗಿಲು ತಕ್ಷಣ ತೆರೆಯಬೇಕು.

ಕಲಿತ ನಾಯಿ ಇದ್ದಕ್ಕಿದ್ದಂತೆ ಬೇಡ ಅನ್ನುವ ದಿನಗಳೂ ಬರುತ್ತವೆ, ಚುಕ್ಕಿಗೂ ಬಂದವು. ನಾಯಿಗಳಿಗೂ ಹರೆಯದ ಮೊಂಡು ಇದೆ. 8 ತಿಂಗಳ ವಯಸ್ಸಿನ ನಾಯಿಗಳು ಸಾಕಿದವರ ಮಾತನ್ನು 5 ತಿಂಗಳಲ್ಲಿ ಕೇಳುತ್ತಿದ್ದಷ್ಟು ಕೇಳುವುದಿಲ್ಲ ಎಂದು 2020ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಚುಕ್ಕಿ ಆ ವಯಸ್ಸು ದಾಟಿದ್ದರೂ ಹರೆಯ ಪೂರ್ತಿ ಮುಗಿದಿರಲಿಲ್ಲ. ನಾನು ಬಿಗಿ ಮಾಡದೆ ಎರಡು ಹಂತ ಹಿಂದಕ್ಕೆ ಹೋದೆ. ಎಲ್ಲಿ ಸುಲಭವಾಗಿತ್ತೋ ಅಲ್ಲಿಂದ ಮತ್ತೆ ಶುರು.

ರಾತ್ರಿಗೆ ಬೇರೆ ಕೋಣೆಯೋ, ಹಾಸಿಗೆ ಪಕ್ಕವೋ? ಹೊಸ ನಾಯಿಗೆ ಹಾಸಿಗೆ ಪಕ್ಕವೇ ಸರಿ. ಉಸಿರಾಟ ಕೇಳಿಸುವಷ್ಟು ಹತ್ತಿರ ಇದ್ದರೆ ಒಂಟಿತನದ ಪ್ರಶ್ನೆ, ಮುಚ್ಚಿದ ಬಾಗಿಲ ಪ್ರಶ್ನೆ ಬೇರೆಬೇರೆ ಆಗುತ್ತವೆ, ಒಂದೊಂದನ್ನೇ ಕಲಿಸಬಹುದು. ಆಮೇಲೆ ಸ್ವಲ್ಪಸ್ವಲ್ಪವೇ ದೂರ ಸರಿಸುತ್ತ ಹೋಗಿ.

ಕ್ರೇಟಿಗೆ ಮುಂಚೆ ದಣಿಸಬೇಕೆಂಬ ಮಾತಿದೆ. ಚೆಂಡು ಹಿಂದೆ ಓಡಿಸಿ ತಂದ ಕೂಡಲೇ ಒಳಗೆ ಕಳಿಸಿದರೆ ಚುಕ್ಕಿಯ ಮೈ ದಣಿದಿರುತ್ತಿತ್ತು, ತಲೆ ಇನ್ನೂ ಓಡುತ್ತಿತ್ತು. ಅದಕ್ಕಿಂತ ಒಣ ಆಹಾರದ ಕಾಳುಗಳನ್ನು ಸುರುಳಿ ಸುತ್ತಿದ ಹಳೆ ಟವೆಲಿನಲ್ಲಿ ಬಚ್ಚಿಟ್ಟು ಮೂಗಿನಿಂದ ಹುಡುಕಿಸಿದಾಗ ನಿದ್ದೆ ಬೇಗ ಬಂತು. ಒಳಗೆ ಹೋದ ಮೇಲೆ ನೆಕ್ಕಲು ರಬ್ಬರ್ ಆಟಿಕೆಯಲ್ಲಿ ಏನಾದರೂ ತುಂಬಿಸಿ ಕೊಡುವವರು ಕಡಲೆಕಾಯಿ ಬೆಣ್ಣೆಯ ಡಬ್ಬಿಯ ಮೇಲೆ ಜೈಲಿಟಾಲ್ ಎಂಬ ಸಕ್ಕರೆ ಬದಲಿನ ಸಿಹಿಕಾರಕ ಇದೆಯೇ ಎಂದು ಓದಿ ನೋಡಿ. ನಾಯಿಗೆ ಅದು ವಿಷ. ಕೊರಳಪಟ್ಟಿ ಬಿಚ್ಚಿಯೇ ಒಳಗೆ ಬಿಡಿ. ಸರಳಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಕ್ರೇಟೇ ಬೇಡವಾದ ನಾಯಿಗಳೂ ಇವೆ. ಸ್ವೀಡನ್, ಫಿನ್ಲೆಂಡಿನಂಥ ದೇಶಗಳಲ್ಲಿ ಸಾಗಣೆಯಂಥ ಕೆಲವು ಸಂದರ್ಭ ಬಿಟ್ಟರೆ ನಾಯಿಯನ್ನು ಮುಚ್ಚಿದ ಕ್ರೇಟಿನಲ್ಲಿ ಇಡಲು ಕಾನೂನೇ ಬಿಡುವುದಿಲ್ಲ, ಅಲ್ಲಿಯ ನಾಯಿಗಳೂ ಮನೆಯ ಶಿಸ್ತು ಕಲಿಯುತ್ತವೆ. ಒಂಟಿಯಾದರೆ ದಿಗಿಲು ಬೀಳುವ ನಾಯಿಯ ರೋಗಕ್ಕೆ ಕ್ರೇಟ್ ಮದ್ದಲ್ಲ, ಎಷ್ಟೋ ಸಲ ಅದನ್ನು ಹೆಚ್ಚಿಸುತ್ತದೆ. ಅಂಥ ನಾಯಿಗೆ ಒಂದು ಕೋಣೆ, ಬಾಗಿಲಿಗೆ ಅಡ್ಡಗೇಟು, ಜೊತೆಗೆ ಪಶುವೈದ್ಯರ ಸಲಹೆ ಬೇಕು.

ನನ್ನ ಆಯ್ಕೆ ಕೇಳಿದರೆ: ಸುತ್ತಲಿನದನ್ನೆಲ್ಲ ಗಮನಿಸುವ ಚುರುಕು ನಾಯಿಗೆ ಪ್ಲಾಸ್ಟಿಕ್ ಕ್ರೇಟ್, ಅದರ ಸುತ್ತ ಪೆನ್. ಕತ್ತಲೆಗೆ ಹೆದರುವ, ಜನ ಕಾಣುತ್ತಿದ್ದರೇ ಸಮಾಧಾನ ಪಡುವ ನಾಯಿಗೆ ಅಥವಾ ಬಿಸಿಲು ಹೆಚ್ಚಿರುವ ಮನೆಗೆ ತಂತಿಯದು. ಯಾವುದೇ ಆದರೂ ಹಗಲಲ್ಲಿ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಮುಚ್ಚಿಡಬೇಕಾಗಿ ಬಂದರೆ, ಕ್ರೇಟ್ ಬದಲಿಸುವ ಬದಲು ಮಧ್ಯದಲ್ಲಿ ಬಂದು ನಾಯಿಯನ್ನು ಹೊರಗೆ ಕರೆದೊಯ್ಯುವವರನ್ನು ಮೊದಲು ಗೊತ್ತು ಮಾಡಿಕೊಳ್ಳಿ.