ಆನ್‌ಲೈನ್‌ನಲ್ಲಿ ತರಿಸಿದ ಗ್ಯಾಲಿಯಂ: ಲೋಹಕ್ಕೆ ಐದು ಸ್ಟಾರ್, ಪ್ಯಾಕಿಂಗ್‌ಗೆ ಒಂದೇ

20 ಗ್ರಾಂ ಗ್ಯಾಲಿಯಂ ತರಿಸಿದ್ದೆ. ಇದೇ ಪ್ರಾಡಕ್ಟ್‌ಗೆ ಕೆಲವರು "ಗಟ್ಟಿ ಲೋಹ ಅಂದ್ರು, ನೀರಿನ ಥರ ಬಂದಿದೆ, ಮೋಸ" ಅಂತ ಬರೆದು ಒಂದು ಸ್ಟಾರ್ ಕೊಟ್ಟಿದ್ದಾರೆ. ಮೋಸ ಅಲ್ಲ ಮಾರಾಯ್ರೇ. ಗ್ಯಾಲಿಯಂ ಕರಗುವುದೇ 29.76 ಡಿಗ್ರಿ ಸೆಲ್ಸಿಯಸ್‌ಗೆ. ಏಪ್ರಿಲ್ ಬಿಸಿಲಲ್ಲಿ ಕಲಬುರಗಿಗೋ ರಾಯಚೂರಿಗೋ ಪಾರ್ಸೆಲ್ ಹೊರಟರೆ ದಾರಿಯಲ್ಲೇ ಕರಗಿರುತ್ತದೆ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ತರಿಸಿಕೊಂಡವರಿಗೆ ಗಟ್ಟಿಯಾಗೇ ಸಿಗುತ್ತದೆ.

ಅಂಗೈ ಮೇಲಿಟ್ಟ ಕೂಡಲೇ ಕರಗಿಬಿಡುತ್ತದೆ ಅಂದುಕೊಳ್ಳಬೇಡಿ. ಅಂಗೈಯ ಬಿಸಿ ಅದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ, ಕರಗುವಾಗ ಅದು ಎಳೆದುಕೊಳ್ಳುವ ಶಾಖವೂ ಕಡಿಮೆ ಏನಲ್ಲ, ಹಾಗಾಗಿ ಕೈ ತಣ್ಣಗಾಗುತ್ತಾ ಹೋಗುತ್ತದೆ, ಅಂಚು ಮೊದಲು ಮೆತ್ತಗಾಗಿ ಆಮೇಲೆ ನಿಧಾನವಾಗಿ ಇಡೀ ತುಂಡು ಕನ್ನಡಿ ಥರ ಹೊಳೆಯುವ ದ್ರವ ಆಗುತ್ತದೆ. ನೋಡಲು ಮಜಾ ಇದೆ. ಪಾದರಸದಂತೆ ಗುಂಡು ಗುಂಡಾಗಿ ಓಡಲ್ಲ, ಕೈಗೆ ಅಂಟಿ ಬೂದು ಕಲೆ ಬಿಡುತ್ತದೆ. ಸೋಪು ಹಾಕಿ ಉಜ್ಜಿದರೆ ಹೋಗುತ್ತದೆ, ಬಟ್ಟೆ ಮೇಲಾದರೆ ಕಷ್ಟ. ಪಾದರಸದ ಹಾಗೆ ಆವಿಯಾಗಿ ಉಸಿರಿಗೆ ಸೇರುವ ಭಯವೂ ಇಲ್ಲ, ಇದು ಕುದಿಯಬೇಕಾದರೆ 2,000 ಡಿಗ್ರಿ ದಾಟಬೇಕು. ಹಾಗಂತ ಚಿಕ್ಕ ಮಕ್ಕಳ ಕೈಗೆ ಕೊಟ್ಟು ಸುಮ್ನೆ ಕೂರಬೇಡಿ, ಬಾಯಿಗೆ ಹೋಗಬಾರದು.

ಈಗ ಸಿಟ್ಟಿನ ವಿಷಯ. ಇವರು ಕಳಿಸಿದ್ದು ಪುಟ್ಟ ಗಾಜಿನ ಬಾಟಲಿಯಲ್ಲಿ, ಅದೂ ಕಂಠಪೂರ್ತಿ ತುಂಬಿ! ಗ್ಯಾಲಿಯಂ ಹೆಪ್ಪುಗಟ್ಟುವಾಗ ಸುಮಾರು ಶೇ. 3ರಷ್ಟು ಹಿಗ್ಗುತ್ತದೆ, ಹೆಚ್ಚಿನ ಲೋಹಗಳಿಗೆ ಉಲ್ಟಾ. ದಾರಿಯಲ್ಲಿ ಕರಗಿ, ರಾತ್ರಿ ಗಟ್ಟಿಯಾಗಿ, ಬಾಟಲಿ ಸೀಳಿತ್ತು. ದೂರು ಕೊಟ್ಟೆ, ಬದಲಿ ಬಂತು, ಅದೂ ಗಾಜಿನಲ್ಲೇ. ಮೆತ್ತನೆ ಪ್ಲಾಸ್ಟಿಕ್ ಡಬ್ಬಿ, ಮೇಲೆ ಸ್ವಲ್ಪ ಖಾಲಿ ಜಾಗ, ಇಷ್ಟು ಸಾಕಿತ್ತು ಅಲ್ವಾ?

ಇನ್ನೊಂದು ಇದಕ್ಕಿಂತ ದೊಡ್ಡ ತಪ್ಪು. ಅಲ್ಯೂಮಿನಿಯಂ ಹತ್ತಿರ ಇಡಬೇಡಿ ಅಂತ ಡಬ್ಬಿ ಮೇಲೆ ಎಲ್ಲೂ ಬರೆದಿಲ್ಲ. ಅಲ್ಯೂಮಿನಿಯಂ ಮೇಲಿರುವ ತೆಳು ಆಕ್ಸೈಡ್ ಪದರ ಒಂದು ಕಡೆ ಗೀರಿದ್ದರೂ ಸಾಕು, ದ್ರವ ಗ್ಯಾಲಿಯಂ ಒಳಗಿನ ಕಣಗಳ ಸಂದಿಗೆ ಇಳಿದು, ಗಟ್ಟಿ ತಗಡನ್ನು ಕೈಯಲ್ಲಿ ಹಪ್ಪಳದ ಹಾಗೆ ಮುರಿಯುವಂತೆ ಮಾಡುತ್ತದೆ. ನಮ್ಮ ಮನೆಗಳಲ್ಲಿ ಕುಕ್ಕರ್, ಇಡ್ಲಿ ತಟ್ಟೆ ಎಲ್ಲ ಅಲ್ಯೂಮಿನಿಯಂದೇ ಜಾಸ್ತಿ. ಅಡುಗೆಮನೆಯಲ್ಲಿ ಆಟ ಬೇಡವೇ ಬೇಡ. ಚಿನ್ನದ ಉಂಗುರ, ಬಳೆ ಇದ್ದರೆ ಅದನ್ನೂ ತೆಗೆದಿಡಿ. ವಿಮಾನದಲ್ಲಿ ಊರಿಗೆ ಒಯ್ಯುವ ಯೋಚನೆಯನ್ನೂ ಬಿಟ್ಟುಬಿಡಿ, ವಿಮಾನದ ಮೈಯೇ ಅಲ್ಯೂಮಿನಿಯಂ.

ಶುದ್ಧತೆ 99.99 ಅಂತ ಹಾಕಿದ್ದಾರೆ. ಅಷ್ಟು ನಿಖರವಾಗಿ ಮನೆಯಲ್ಲಿ ಅಳೆಯಲು ಆಗಲ್ಲ, ಆದರೆ ಅಂದಾಜು ಸಿಗುತ್ತದೆ. ಸೂಜಿ ಇಲ್ಲದ ಪ್ಲಾಸ್ಟಿಕ್ ಸಿರಿಂಜ್‌ನಲ್ಲಿ ಎಳೆದು ನೋಡಿದೆ, 20 ಗ್ರಾಂಗೆ 3.3 ಮಿಲಿ ಹತ್ತಿರ ಬಂತು, ಅಂದರೆ ಸಾಂದ್ರತೆ ಮಿಲಿಗೆ ಸುಮಾರು 6 ಗ್ರಾಂ, ದ್ರವ ಗ್ಯಾಲಿಯಂಗೆ ಸರಿ ಇದೆ (ಗಟ್ಟಿಯಾದಾಗ ಹಿಗ್ಗುವುದರಿಂದ ಸ್ವಲ್ಪ ಕಡಿಮೆ). ಇದೇ ಸಾಂದ್ರತೆಯ ಮೇಲೆ ಹಿಂದೆ ಒಂದು ಜಗಳವೇ ಆಗಿತ್ತು. ಈ ಲೋಹ ಇರಲೇಬೇಕು ಅಂತ ಆವರ್ತ ಕೋಷ್ಟಕದ ರಷ್ಯನ್ ವಿಜ್ಞಾನಿ ಮೆಂಡಲೀವ್ 1871ರಲ್ಲೇ ಲೆಕ್ಕ ಹಾಕಿ ಹೇಳಿದ್ದರು, 1875ರಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಬ್ವಾಬೊದ್ರಾನ್ ಅದನ್ನು ಕಂಡುಹಿಡಿದು ಸಾಂದ್ರತೆ 4.7 ಅಂದರು. ಇಲ್ಲ, 5.9ರ ಆಸುಪಾಸು ಇರಬೇಕು ಅಂತ ಮೆಂಡಲೀವ್ ತಕರಾರು ತೆಗೆದರು. ಇನ್ನಷ್ಟು ಶುದ್ಧ ಮಾಡಿ ಅಳೆದರೆ 5.9 ಬಂತು! ಲೋಹವನ್ನು ಕಣ್ಣಲ್ಲೂ ಕಾಣದವರ ಲೆಕ್ಕ ಸರಿಯಾಗಿತ್ತು.

ಕೊಳ್ಳುವವರಿಗೆ ಒಂದು ಉಪಾಯ. ಇಂಡಿಯಂ, ತವರ ಬೆರೆಸಿದ ಮಿಶ್ರಣವನ್ನೂ ಗ್ಯಾಲಿಯಂ ಅಂತ ಮಾರಬಹುದು, ಅದು ಸೊನ್ನೆಗಿಂತ ಕೆಳಗೂ ದ್ರವವಾಗೇ ಇರುತ್ತದೆ. ಆದರೆ ಫ್ರಿಜ್‌ನಲ್ಲಿಟ್ಟರೂ ಗಟ್ಟಿ ಆಗಲಿಲ್ಲ ಅಂತ ಕೂಡಲೇ ದೂರಬೇಡಿ, ಶುದ್ಧ ಗ್ಯಾಲಿಯಂ ಕೂಡ ತಣ್ಣಗಾದ ಮೇಲೂ ದ್ರವವಾಗೇ ಹಟ ಹಿಡಿದು ಕೂರುವುದುಂಟು. ಗಟ್ಟಿ ಗ್ಯಾಲಿಯಂನ ಒಂದು ಚೂರು ಅದಕ್ಕೆ ಹಾಕಿ, ಶುದ್ಧವಾಗಿದ್ದರೆ ಅಲ್ಲಿಂದಲೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಅದಕ್ಕೇ ಮೊದಲ ಸಲ ಗಟ್ಟಿ ಇದ್ದಾಗಲೇ ಒಂದು ಚೂರು ಬೇರೆ ತೆಗೆದಿಡಿ.