ಹಳೆ ಬುಲೆಟ್‌ನ ಆಯಿಲ್ ಫಿಲ್ಟರ್: ಇದ್ದ ಡಬ್ಬಿಯಲ್ಲಿ ಇಲ್ಲದ ಸ್ಪ್ರಿಂಗು, ವಾಷರು

ನನ್ನದು 1998ರ ಬುಲೆಟ್ ಸ್ಟ್ಯಾಂಡರ್ಡ್ 350. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇರುವ ಗಾಡಿ, ಸಿಲಿಂಡರ್ ಎರಕದ ಕಬ್ಬಿಣದ್ದಾದ ಹಳೆ ಕಾಸ್ಟ್ ಐರನ್ ಎಂಜಿನ್. 2016ರಲ್ಲಿ ಆಫೀಸಿನ ಹಿರಿಯರೊಬ್ಬರು ರಿಟೈರ್ ಆದಾಗ ಅವರಿಂದ ತಗೊಂಡೆ. ಬೆಂಗಳೂರಿನ ಹನುಮಂತನಗರದಿಂದ ಪೀಣ್ಯಕ್ಕೆ ದಿನಾ ಇದರಲ್ಲೇ ಓಡಾಟ. ಗಾಡಿಯ ಸದ್ದು, ಗತ್ತು ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಅದರ ಆಯಿಲ್ ಫಿಲ್ಟರ್ ಬಗ್ಗೆ, ಅಂಗಡಿಯಲ್ಲಿ ಸಿಗುವ ಅದರ ಕಿಟ್ ಬಗ್ಗೆ.

ಮೊದಲ ಮೂರು ವರ್ಷ ಮನೆ ಹತ್ತಿರದ ಒಂದು ಗ್ಯಾರೇಜಿಗೆ ಕೊಡುತ್ತಿದ್ದೆ. ಪ್ರತಿ ಸಲ ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಲೇಬರ್ ಅಂತ ಇರುತ್ತಿತ್ತು. ನೋಡದೆ ದುಡ್ಡು ಕೊಟ್ಟು ಬರುತ್ತಿದ್ದೆ. 2019ರಲ್ಲಿ ಒಂದು ಭಾನುವಾರ, ಈ ಸಲ ನಾನೇ ಆಯಿಲ್ ಬದಲಾಯಿಸೋಣ ಅಂತ ಗೋಣಿಚೀಲ ಹಾಸಿಕೊಂಡು ಕೂತೆ. ಎಂಜಿನ್ನಿನ ಬಲಗಡೆ ಗೇರ್‌ಚಕ್ರಗಳನ್ನು ಮುಚ್ಚುವ ಟೈಮಿಂಗ್ ಕವರ್‌ನಲ್ಲಿರುವ ಫಿಲ್ಟರ್ ಮುಚ್ಚಳದ ನಟ್ ಬಿಚ್ಚಿದೆ. ಫಿಲ್ಟರ್ ಏನೋ ಇತ್ತು. ಬೆರಳು ತಾಗಿಸಿದರೆ ಡಬ್ಬಿಯೊಳಗಿನ ಅಡಿಕೆ ಹಾಗೆ ಲೊಟಲೊಟ ಅಲ್ಲಾಡುತ್ತಿತ್ತು. ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಇಲ್ಲ. ತುದಿಗೆ ಕೂರಬೇಕಾದ ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ) ವಾಷರ್ ಇಲ್ಲ. ನಟ್ ಕೆಳಗೆ ಇರಬೇಕಾದ ವಾಷರ್ ಕೂಡ ಇಲ್ಲ, ಅದರ ಬದಲು ನಲ್ಲಿಗೆ ಸುತ್ತುವ ಬಿಳಿ ಟೇಪು!

ಗ್ಯಾರೇಜಿಗೆ ಹೋಗಿ ಕೇಳಿದೆ. “ಅದು ಇದ್ರೂ ಒಂದೇ, ಇಲ್ದಿದ್ರೂ ಒಂದೇ ಸಾರ್. ಗಾಡಿ ಓಡ್ತಾ ಇದೆ ಅಲ್ವಾ?”

ಓಡುತ್ತಿತ್ತು ನಿಜ. ಅದೇ ಈ ಕಾಯಿಲೆಯ ಕಷ್ಟ. ಸದ್ದು ಬದಲಾಗುವುದಿಲ್ಲ, ಪಿಕಪ್ ಬೀಳುವುದಿಲ್ಲ, ಕೆಳಗೆ ಒಂದು ಹನಿ ಜಾಸ್ತಿ ಸೋರುವುದಿಲ್ಲ. (ಸೋರುವುದು ಮೊದಲಿಂದಲೂ ಸೋರುತ್ತೆ, ಅದು ಬೇರೆ ವಿಷಯ.) ಈ ಎಂಜಿನ್‌ನಲ್ಲಿ ಪಂಪ್ ತಳ್ಳಿದ ಆಯಿಲ್ ಫಿಲ್ಟರ್‌ನಲ್ಲಿ ಸೋಸಿಕೊಂಡು ಕ್ರ್ಯಾಂಕ್‌ನ ಬಿಗ್ ಎಂಡ್‌ಗೆ, ಅಂದರೆ ಪಿಸ್ಟನ್ನಿನ ರಾಡ್ ಕ್ರ್ಯಾಂಕ್‌ಗೆ ಸೇರುವ ಜಾಗಕ್ಕೆ ಹೋಗಬೇಕು. ತುದಿಯಲ್ಲಿ ವಾಷರ್ ಇಲ್ಲ, ಒತ್ತಿ ಹಿಡಿಯಲು ಸ್ಪ್ರಿಂಗ್ ಇಲ್ಲ ಅಂದರೆ ಆಯಿಲ್ ಯಾಕೆ ಕಷ್ಟಪಟ್ಟು ಸೋಸಿಕೊಳ್ಳುತ್ತೆ? ಪಕ್ಕದ ಸಂದಿಯಲ್ಲೇ ನುಗ್ಗುತ್ತೆ. ಶೋಧಿಸುವ ಬಟ್ಟೆಯ ಪಕ್ಕದಲ್ಲಿ ಡಿಕಾಕ್ಷನ್ ಸುರಿದರೆ ಚರಟ ಲೋಟಕ್ಕೇ ಬೀಳುತ್ತಲ್ಲ, ಹಾಗೆ. ಹಳೆ ಬುಲೆಟ್‌ನ ಬಿಗ್ ಎಂಡ್‌ನಲ್ಲಿರುವುದು ಫ್ಲೋಟಿಂಗ್ ಬುಷ್, ಆಯಿಲ್ ನಡುವೆ ಸಡಿಲವಾಗಿ ತಿರುಗುವ ಲೋಹದ ಬಳೆ. ಅದಕ್ಕೆ ಕೊಳೆ ಆಯಿಲ್ ಅಂದರೆ ಆಗದು. ಅದು ಹೋದರೆ ಇಡೀ ಎಂಜಿನ್ ಬಿಚ್ಚಬೇಕು.

ಮಾರನೇ ದಿನವೇ ಜೆ.ಸಿ. ರೋಡಿಗೆ ಹೋದೆ. ಮೊದಲ ಅಂಗಡಿಯಲ್ಲಿ ಕೊಟ್ಟಿದ್ದು ಈಚಿನ ಯುಸಿಇ (ಎಂಜಿನ್ನು, ಗೇರ್‌ಬಾಕ್ಸು ಒಂದೇ ಆಗಿರುವ) ಎಂಜಿನ್ನಿನ ಫಿಲ್ಟರ್. ಇದು ಬೇರೆ ಎಂಜಿನ್ ಸ್ವಾಮಿ ಅಂದರೆ, “ಬುಲೆಟ್ ಅಂದ್ರೆ ಬುಲೆಟ್ ತಾನೆ?” ಅಂದರು. ಮೂರನೇ ಅಂಗಡಿಯಲ್ಲಿ ಸರಿಯಾದ ಕಿಟ್ ಸಿಕ್ಕಿತು. ಕವರ್ ಮೇಲೆ ‘ಕಂಪ್ಲೀಟ್’ ಅಂತ ಇತ್ತು. ಮನೆಗೆ ತಂದು ಹರಿದು ನೋಡಿದರೆ ಒಂದು ಪೇಪರ್ ಫಿಲ್ಟರ್, ಒಂದು ಗ್ಯಾಸ್ಕೆಟ್. ಅಷ್ಟೇ. ವಾಪಸ್ ಹೋಗಿ ಸ್ಪ್ರಿಂಗ್ ಕೇಳಿದರೆ, ಬಿಡಿಯಾಗಿ ಬರಲ್ಲ ಸಾರ್, ಟೈಮಿಂಗ್ ಕವರ್ ಸಮೇತ ತಗೊಳ್ಳಿ ಅಂದರು.

ಕೊನೆಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಯಲ್ಲಿ. ಒಬ್ಬರು ಭಾಯ್ ಒಡೆದ ಟೈಮಿಂಗ್ ಕವರ್ ಒಂದನ್ನು ರಾಶಿಯಿಂದ ಎಳೆದು, ಸ್ಕ್ರೂಡ್ರೈವರ್ ಹಾಕಿ ಮೀಟಿದರು. ಮಣ್ಣು ಮೆತ್ತಿಕೊಂಡ ಸ್ಪ್ರಿಂಗು, ಅದರ ತಲೆ ಮೇಲಿನ ತಗಡಿನ ಟೋಪಿ, ಎರಡೂ ಟಣ್ ಅಂತ ಬಿದ್ದವು. ನೂರೈವತ್ತು ಅಂದರು, ನೂರಕ್ಕೆ ಕೊಟ್ಟರು. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ನೋಡಿದರೆ ಸ್ಪ್ರಿಂಗ್ ಹೊಸದರ ಹಾಗೇ ಇತ್ತು.

ವಾಷರ್ ವಿಷಯದಲ್ಲಿ ನಾನೇ ಪೆದ್ದುತನ ಮಾಡಿದೆ. ಹಳೆ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಹಾಕಿದೆ. ಮೂರು ವಾರ ಬಿಟ್ಟು ತೆಗೆದರೆ ಅದು ನೆನೆಸಿಟ್ಟ ಅವಲಕ್ಕಿ ಹಾಗೆ ಉಬ್ಬಿ ಮೆತ್ತಗಾಗಿತ್ತು. ಮಾಮೂಲಿ ರಬ್ಬರಿಗೆ ಎಂಜಿನ್ ಆಯಿಲ್ ಆಗಿಬರುವುದಿಲ್ಲ. ಆಯಿಲ್ ತಡೆಯುವ ನೈಟ್ರೈಲ್ ರಬ್ಬರ್ ಆಗಬೇಕು, ಇಲ್ಲವೇ ಫೆಲ್ಟ್. ಕಲಾಸಿಪಾಳ್ಯದಲ್ಲಿ ಒಂದು ತುಂಡು ಗಟ್ಟಿ ಫೆಲ್ಟ್ ತಂದು ಪಂಚ್‌ನಲ್ಲಿ ಹೊಡೆದು ಆರು ವಾಷರ್ ಮಾಡಿಕೊಂಡೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಇನ್ನೂ ಎರಡು ಉಳಿದಿವೆ.

ಅಲ್ಲಿಂದ ಇಲ್ಲಿಗೆ ಇಪ್ಪತ್ತೆರಡು ಸಾವಿರ ಕಿಲೋಮೀಟರ್ ಆಗಿದೆ. ಮೂರು ಸಾವಿರಕ್ಕೊಮ್ಮೆ 20ಡಬ್ಲ್ಯು50 ದರ್ಜೆಯ ಆಯಿಲ್, ಜೊತೆಗೆ ಫಿಲ್ಟರ್. ಮೊದಲೆಲ್ಲ ಇಳಿಸಿದ ಆಯಿಲ್‌ಗೆ ಬಿಸಿಲು ಬಿದ್ದರೆ ಮಿಣಮಿಣ ಪುಡಿ ಕಾಣುತ್ತಿತ್ತು. ಈಗ ಅದು ಫಿಲ್ಟರ್‌ನ ಮಡಿಕೆಯಲ್ಲಿ ಕಾಣುತ್ತೆ, ಇರಬೇಕಾದ ಜಾಗದಲ್ಲಿ.

ನೀವೇ ಮಾಡುವುದಾದರೆ ಎರಡು ಮಾತು. ಮುಚ್ಚಳದ ನಟ್‌ಗೆ ಬಲ ಹಾಕಬೇಡಿ. ಒಳಗಿರುವುದು ಅಲ್ಯೂಮಿನಿಯಂ, ನಟ್ ಕೂರುವ ಸ್ಟಡ್ (ತಲೆಯಿಲ್ಲದ ಬೋಲ್ಟು) ಥ್ರೆಡ್ ಸಮೇತ ಕಿತ್ತು ಬಂದರೆ ಲೇತ್ ಅಂಗಡಿಗೆ ಅಲೆಯಬೇಕು. ಇನ್ನೊಂದು, ಫಿಲ್ಟರ್ ಹಾಕಿದ ಮೇಲೆ ಆ ಗೂಡು ಖಾಲಿ ಇರುತ್ತೆ. ಸಿಲಿಂಡರ್‌ನ ಒತ್ತಡ ಬಿಡಿಸುವ ಡಿಕಂಪ್ರೆಸರ್ ಲಿವರ್ ಹಿಡಿದು ಇಪ್ಪತ್ತು, ಮೂವತ್ತು ಕಿಕ್ ಹೊಡೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ, ನಟ್ ಸ್ವಲ್ಪ ಸಡಿಲ ಬಿಟ್ಟು ನೋಡಿ. ಆಯಿಲ್ ಜಿನುಗಿದರೆ ಬಿಗಿ ಮಾಡಿ. ಜಿನುಗದಿದ್ದರೆ ತಕ್ಷಣ ಆಫ್ ಮಾಡಿ.

ಗಾಡಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಿಟ್‌ಗೆ ಎರಡು, ಅದೂ ಫಿಲ್ಟರ್ ಪೇಪರ್ ಚೆನ್ನಾಗಿದೆ ಅನ್ನುವ ಕಾರಣಕ್ಕೆ. ಗುಜರಿ ಭಾಯ್‌ಗೆ ಐದಕ್ಕೆ ಐದು. ಆ ಐವತ್ತು ರೂಪಾಯಿ ಚೌಕಾಸಿ ಮಾಡಬಾರದಿತ್ತು.